ಶುಲ್ಕದ ರಿಯಾಯಿತಿಗಿಂತ ಮೊದಲು ಆಸ್ಪತ್ರೆ ನೋಡಿ

ನಮಸ್ಕಾರ. ಮಗಳಿಗೆ ಅಮೆರಿಕದ ಎರಡು ಆಸ್ಟಿಯೋಪಥಿಕ್ (ಡಿಒ ಎಂಬ ವೈದ್ಯ ಪದವಿ ಕೊಡುವ) ಕಾಲೇಜುಗಳಲ್ಲಿ ಸೀಟು ಸಿಕ್ಕಿದೆ, ಹೊಸದು ರಿಯಾಯಿತಿ ಕೊಡುತ್ತಿದೆ, ಹಳೆಯದು ದುಬಾರಿ, ಯಾವುದನ್ನು ಆರಿಸುವುದು ಎಂದು ಕೇಳಿದ್ದೀರಿ. ನಾನಾಗಿದ್ದರೆ ಮೊದಲು ವಿಚಾರಿಸುವುದು ಮೂರನೇ ವರ್ಷದ ವಾರ್ಡ್ ತರಬೇತಿ ಎಲ್ಲಿ ಎಂಬುದನ್ನು. ನನ್ನ ತಂಗಿಯ ಮಗ ಓದಿದ ಕಾಲೇಜಿಗೆ ಸ್ವಂತ ಆಸ್ಪತ್ರೆ ಇರಲಿಲ್ಲ. ಕೆಲವು ವಾರಕ್ಕೊಂದು ಊರು. ಕಾರಿನ ಡಿಕ್ಕಿಯಲ್ಲೇ ಕುಕ್ಕರ್, ಹಾಸಿಗೆ, ಪುಸ್ತಕ. ಅವನನ್ನು ಹತ್ತಿರದಿಂದ ಬಲ್ಲ ವೈದ್ಯರೇ ಇಲ್ಲದೆ ಶಿಫಾರಸು ಪತ್ರಕ್ಕೆ ಪರದಾಡಿಬಿಟ್ಟ.

ಡಿಒ ಪದವಿ ಎಂದು ಮಾತ್ರ ಹೆದರಬೇಡಿ. 2020ರಿಂದ ಎಂಡಿ (ಅಲ್ಲಿನ ಸಾಮಾನ್ಯ ವೈದ್ಯ ಪದವಿ), ಡಿಒ ಇಬ್ಬರಿಗೂ ಪದವಿಯ ನಂತರದ ಆಸ್ಪತ್ರೆ ತರಬೇತಿಯಾದ ರೆಸಿಡೆನ್ಸಿಯ ಮಾನ್ಯತಾ ವ್ಯವಸ್ಥೆ ಒಂದೇ. ಇತ್ತೀಚಿನ ವರ್ಷಗಳ ರೆಸಿಡೆನ್ಸಿ ಸ್ಥಾನ ಹಂಚಿಕೆಯಾದ ಮ್ಯಾಚ್‌ನಲ್ಲಿ ಅಂತಿಮ ವರ್ಷದ ಡಿಒ ವಿದ್ಯಾರ್ಥಿಗಳಲ್ಲಿ ಶೇ. 90ಕ್ಕೂ ಹೆಚ್ಚು ಮಂದಿಗೆ ಸ್ಥಾನ ಸಿಕ್ಕಿದೆ. ಕುಟುಂಬ ವೈದ್ಯಕೀಯ, ಇಂಟರ್ನಲ್ ಮೆಡಿಸಿನ್‌ನಲ್ಲಿ ದಾರಿ ವಿಶಾಲವಾಗಿದೆ. ಚರ್ಮರೋಗ, ನರಶಸ್ತ್ರಚಿಕಿತ್ಸೆ ಈಗಲೂ ಕಠಿಣ. ಅಂಥ ಆಸೆಯಿದ್ದರೆ ಡಿಒಗಳ ಪರವಾನಗಿ ಪರೀಕ್ಷೆಯಾದ ಕಾಮ್‌ಲೆಕ್ಸ್ ಜೊತೆಗೆ ಎಂಡಿಗಳು ಬರೆಯುವ ಯುಎಸ್‌ಎಂಎಲ್‌ಇಯನ್ನೂ ಬರೆಯಲಿ. 2022ರಿಂದ ಅದರ ಮೊದಲ ಹಂತವಾದ ಸ್ಟೆಪ್ 1ಕ್ಕೆ ಅಂಕವಿಲ್ಲದೆ ಪಾಸ್ ಅಥವಾ ಫೇಲ್ ಮಾತ್ರ ಇರುವುದರಿಂದ ಸ್ಟೆಪ್ 2ರ ಅಂಕಕ್ಕೆ ತೂಕ ಹೆಚ್ಚು.

ರಿಯಾಯಿತಿ ನಾಲ್ಕೂ ವರ್ಷಕ್ಕೆ ಉಂಟೇ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಹೊಸ ಕಾಲೇಜಿನಿಂದ ಇನ್ನೂ ಒಂದು ತಂಡವೂ ಹೊರಬಂದಿಲ್ಲವೆಂದಾದರೆ, ಸಾಲ ಸ್ವಲ್ಪ ಹೆಚ್ಚಾದರೂ ನನ್ನ ಮತ ಹಳೆಯದಕ್ಕೆ.