ಬೆಳಗಿನ ನಿಮಿರುವಿಕೆ ಇದೆಯೋ ಇಲ್ಲವೋ, ಮೊದಲು ಅದನ್ನು ನೋಡಿ
ನೋಡ್ರಿ ಅಣ್ಣಾ, ಶುಗರ್ ಬಂದು ಆರು ವರ್ಷ, ಈಗ ನಿಮಿರುವಿಕೆ ಸರಿ ಆಗುತ್ತಿಲ್ಲ, ಇದು ಬರೀ ಟೆನ್ಶನ್ನಾ ಅಂತ ಬಾಗಲಕೋಟೆಯಿಂದ ಕೇಳಿದ್ದೀರಿ. ಬೆಳಗ್ಗೆ ಏಳುವಾಗ ತಾನಾಗೇ ನಿಮಿರುತ್ತಿದ್ದರೆ ಮನಸ್ಸಿನ ಕಾರಣವೇ ಜಾಸ್ತಿ. ಅದೂ ಈಗ ಆಗುತ್ತಿಲ್ಲ ಅಂದಿದ್ದೀರಲ್ಲ, ಹಾಗಾದರೆ ರಕ್ತನಾಳ, ನರಗಳ ಕಡೆ ನೋಡಬೇಕು. ಶಿಶ್ನದ ರಕ್ತನಾಳ 1-2 ಮಿ.ಮೀ. ಅಷ್ಟೇ, ಹೃದಯದ್ದು 3-4, ಹಾಗಾಗಿ ಶುಗರ್, ಬಿಪಿ, ಬೀಡಿ ಇವುಗಳ ಏಟು ಎಷ್ಟೋ ಸಲ ಮೊದಲು ಇಲ್ಲೇ ಕಾಣುತ್ತದೆ, ಹೃದಯದ ತೊಂದರೆಗಿಂತ ಕೆಲವು ವರ್ಷ ಮುಂಚೆಯೇ. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್), ಕೊಲೆಸ್ಟ್ರಾಲ್, ಬೆಳಗಿನ ಹೊತ್ತು ಟೆಸ್ಟೋಸ್ಟೆರಾನ್ (ಗಂಡಸರ ಹಾರ್ಮೋನ್) ಟೆಸ್ಟ್ ಮಾಡಿಸಿ. ಕೆಲವು ಬಿಪಿ ಮಾತ್ರೆಗಳಿಂದಲೂ ಹೀಗಾಗುತ್ತದೆ, ಆದರೆ ಸುಮ್ನೆ ನೀವೇ ನಿಲ್ಲಿಸಬೇಡಿ. ಗೋಡೆ ಮೇಲಿನ ‘ಗುಪ್ತರೋಗ’ ಪೋಸ್ಟರ್‌ನವರನ್ನು ಬಿಟ್ಟುಬಿಡಿ (ಹಸ್ತಮೈಥುನದಿಂದ ಆಯಿತು ಅಂತ ಹೆದರಿಸುತ್ತಾರೆ, ಸುಳ್ಳು). ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಮಾತ್ರೆ ಕೂಡ ಡಾಕ್ಟರ್ ಹೇಳದೆ ತಗೋಬೇಡಿ, ಎದೆನೋವಿನ ನೈಟ್ರೇಟ್ ಮಾತ್ರೆ ಜೊತೆ ಸೇರಿದರೆ ಬಿಪಿ ಅಪಾಯದ ಮಟ್ಟಕ್ಕೆ ಇಳಿಯುತ್ತದೆ.