ರಾತ್ರಿ ಮೂರರವರೆಗೆ ಅಕ್ವಿನಾಸ್, ಬೆಳಗ್ಗೆ ಒಂಬತ್ತಕ್ಕೆ ಕ್ವಾಂಟಂ ಕ್ಲಾಸ್

(ಗುರುತು ಹತ್ತಬಹುದಾದ ವಿವರಗಳನ್ನೆಲ್ಲ ಬದಲಿಸಲಾಗಿದೆ.)

ಆಪ್ತಸಲಹೆಗೆ ನಮ್ಮ ಬಳಿ ಬಂದವಳು ಎಂ.ಎಸ್ಸಿ. ಭೌತಶಾಸ್ತ್ರದ ಮೂರನೇ ಸೆಮಿಸ್ಟರಿನ ವಿದ್ಯಾರ್ಥಿನಿ, ವಯಸ್ಸು 22. ಕರಾವಳಿಯ ಕಥೋಲಿಕ ಕುಟುಂಬ, ಮನೆಮಾತು ಕೊಂಕಣಿ, ಬೆಂಗಳೂರಿನಲ್ಲಿ ಪಿಜಿ ವಾಸ. ಕಳಿಸಿದ್ದು ವಿಭಾಗದ ಮೆಂಟರ್. ಎರಡು ಇಂಟರ್ನಲ್‌ಗಳಲ್ಲಿ ಅಂಕ ಅರ್ಧಕ್ಕಿಂತ ಕೆಳಗೆ, ಲ್ಯಾಬ್ ರೆಕಾರ್ಡಿನಲ್ಲಿ ಐದು ಪ್ರಯೋಗ ಬಾಕಿ. ಆಕೆಯನ್ನು ಕೇಳಿದರೆ ತೊಂದರೆ ಅದಲ್ಲ. ಐದು ತಿಂಗಳ ಹಿಂದೆ ರೂಮ್‌ಮೇಟ್ ಸುಮ್ಮನೆ ಕುತೂಹಲಕ್ಕೆ ಒಂದು ಪ್ರಶ್ನೆ ಕೇಳಿದ್ದಳು: "ಎಲ್ಲವನ್ನೂ ಭೌತಶಾಸ್ತ್ರ ವಿವರಿಸುತ್ತದಲ್ಲ, ನಿನಗೆ ದೇವರು ಯಾಕೆ ಬೇಕು?" ಹತ್ತನೇ ತರಗತಿವರೆಗೂ ಚರ್ಚಿನ ಧರ್ಮೋಪದೇಶದ ಪಾಠಕ್ಕೆ ತಪ್ಪದೆ ಹೋದವಳಿಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಹುಡುಕಾಟ ಶುರು. ಮೊದಲು ವಿಡಿಯೊ, ಆಮೇಲೆ ಆನ್‌ಲೈನ್ ವಾಗ್ವಾದದ ಒಂದು ಗುಂಪು, ಆಮೇಲೆ 13ನೇ ಶತಮಾನದ ಕಥೋಲಿಕ ತತ್ವಜ್ಞಾನಿ ಸಂತ ತೋಮಾಸ ಅಕ್ವಿನಾಸರ ದೇವತಾಶಾಸ್ತ್ರದ ಗ್ರಂಥ 'ಸುಮ್ಮಾ ಥಿಯೋಲಾಜಿಯೆ'. ಹನ್ನೊಂದು ಪುಸ್ತಕ ಕೊಂಡಿದ್ದಾಳೆ. ಎಲ್ಲದರಲ್ಲೂ ಮೊದಲ ನಲವತ್ತು ಪುಟಕ್ಕೆ ಮಾತ್ರ ಹಳದಿ ಗೆರೆ ಬಿದ್ದಿದೆ. ಈಗ ಎಂ.ಎಸ್ಸಿ. ಬಿಟ್ಟು ತತ್ವಶಾಸ್ತ್ರ ಓದಲೇ ಎಂಬ ಯೋಚನೆ. ಮಗಳು ಕಾನ್ವೆಂಟ್ ಸೇರಿಬಿಡುತ್ತಾಳೆ ಎಂದು ಊರಿನಲ್ಲಿ ಅಮ್ಮನಿಗೆ ದಿಗಿಲು. ಇವಳು ವಿಜ್ಞಾನಕ್ಕೆ ಕೈಕೊಟ್ಟಳು ಎಂದು ಇಲ್ಲಿ ಗೆಳತಿಯರ ತಮಾಷೆ.

ಮೊದಲ ಭೇಟಿಯಲ್ಲಿ ದೇವರ ವಿಚಾರಕ್ಕೆ ಹೋಗಲಿಲ್ಲ. ಹೋಗಲೂಬಾರದು. ಓದು ಎಷ್ಟೇ ಘನವಾಗಿರಲಿ, ಮೊದಲು ವಿಚಾರಿಸಬೇಕಾದದ್ದು ನಿದ್ದೆ, ಊಟ, ಮನಸ್ಸಿನ ಸ್ಥಿತಿ. ನಿದ್ದೆ ದಿನಕ್ಕೆ ನಾಲ್ಕು ಗಂಟೆ. ಇಷ್ಟು ಕಡಿಮೆ ಮಲಗಿಯೂ ದಣಿವೇ ಇಲ್ಲದೆ ಉತ್ಸಾಹ ಏರುತ್ತಲೇ ಇದ್ದರೆ, "ನನಗೇ ವಿಶೇಷ ಕರೆ ಬಂದಿದೆ" ಎಂಬಂಥ ಮಾತು ಬಂದರೆ, ಅದು ಉನ್ಮಾದದ ಲಕ್ಷಣ ಇರಬಹುದು. ಆಪ್ತಸಲಹೆ ಅಲ್ಲಿಗೆ ನಿಲ್ಲಿಸಿ ಮನೋವೈದ್ಯರ ಬಳಿ ಕಳಿಸಬೇಕು. ಈಕೆಗೆ ದಣಿವು ಸಾಕಷ್ಟಿತ್ತು, ಕ್ಲಾಸಿನಲ್ಲೇ ತೂಕಡಿಸುತ್ತಿದ್ದಳು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಲಾಯಿತು. ಇಲ್ಲ ಎಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಬರೆದು ಕೊಡಲಾಯಿತು, ಅದು ನಮ್ಮ ವಾಡಿಕೆ.

ಇನ್ನೊಂದು ಸಂಗತಿ ಹೊರಬಂದದ್ದು ಎರಡನೇ ಭೇಟಿಯಲ್ಲಿ. ಹಿಂದಿನ ತಿಂಗಳು ಐದು ಬಾರಿ ಪಾಪನಿವೇದನೆ (ಗುರುಗಳ, ಅಂದರೆ ಪಾದ್ರಿಗಳ, ಮುಂದೆ ಪಾಪ ಹೇಳಿಕೊಂಡು ಕ್ಷಮೆ ಕೇಳುವುದು) ಮಾಡಿದ್ದಾಳೆ, ಅದೂ ಮೂರು ಬೇರೆ ಬೇರೆ ಚರ್ಚುಗಳಲ್ಲಿ. ಪ್ರತಿ ಸಲವೂ ಒಂದೇ ಪಾಪ: "ಸಂದೇಹ ಪಟ್ಟೆ." ಒಬ್ಬ ಗುರುಗಳು ಕ್ಷಮಾವಚನ ಕೊಟ್ಟ ಮೇಲೂ 'ಸರಿಯಾಗಿ ಹೇಳಿದೆನೋ ಇಲ್ಲವೋ' ಎಂಬ ಕೊರೆತ; ಮತ್ತೊಬ್ಬರ ಬಳಿ ಓಟ. ಇದು ಧರ್ಮಭೀರು ಮನಸ್ಸಿನ ಹಳೆಯ ಕಾಯಿಲೆ. ಒಮ್ಮೊಮ್ಮೆ ಗೀಳುರೋಗದ (ಒಸಿಡಿ) ಮುಖವೂ ಹೌದು. ಇಂಥ ಯೋಚನೆ ಮತ್ತು ಅದನ್ನು ಶಮನ ಮಾಡುವ ಆಚರಣೆ ಸೇರಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ತಿನ್ನುತ್ತಿದ್ದರೆ ಮನೋವೈದ್ಯರ ಪರೀಕ್ಷೆ ಆಗಲೇಬೇಕು. ಈಕೆಯದು ಅಷ್ಟಕ್ಕೆ ಮುಟ್ಟಿರಲಿಲ್ಲ. ಒಂದು ವಾರ ಗಡಿಯಾರ ನೋಡಿ ಬರೆದಿಟ್ಟಾಗ ದಿನಕ್ಕೆ ಹದಿನೈದರಿಂದ ಇಪ್ಪತ್ತು ನಿಮಿಷ.

ಸಂದೇಹ ಪಾಪವೇ ಎಂದು ತೀರ್ಪು ಕೊಡುವುದು ಆಪ್ತಸಲಹೆಗಾರರ ಕೆಲಸವಲ್ಲ. ಆದರೆ ಆಕೆಯ ಪರಂಪರೆಯೇ ಇದರಲ್ಲಿ ಗೆರೆ ಎಳೆದಿದೆ ಎಂಬುದನ್ನು ತೋರಿಸಬಹುದು. ಕಥೋಲಿಕ ಧರ್ಮೋಪದೇಶ ಗ್ರಂಥದ 2088ನೇ ಕಂಡಿಕೆ ಬೇಕೆಂದೇ ನಂಬಲು ಒಪ್ಪದಿರುವುದನ್ನೂ ಆಕ್ಷೇಪಗಳ ಎದುರು ತಾನಾಗಿ ಹುಟ್ಟುವ ಹಿಂಜರಿಕೆಯನ್ನೂ ಬೇರೆ ಬೇರೆ ಇಡುತ್ತದೆ. ಹತ್ತು ಸಾವಿರ ತೊಡಕುಗಳು ಕೂಡಿದರೂ ಒಂದು ಸಂದೇಹ ಆಗುವುದಿಲ್ಲ ಎಂದು 1864ರಲ್ಲಿ ಬರೆದ ಇಂಗ್ಲೆಂಡಿನ ಕಥೋಲಿಕ ಚಿಂತಕ ಜಾನ್ ಹೆನ್ರಿ ನ್ಯೂಮನ್‌ರನ್ನು 2019ರಲ್ಲಿ ಸಂತರೆಂದು ಘೋಷಿಸಿದ್ದಾರೆ. ಲೆಕ್ಕ ಬಿಡಿಸಲು ಬಾರದಿರುವುದೇ ಬೇರೆ, ಗಣಿತವೇ ಸುಳ್ಳು ಎನ್ನುವುದೇ ಬೇರೆ. ಈ ಹೋಲಿಕೆ ಭೌತಶಾಸ್ತ್ರದ ಹುಡುಗಿಗೆ ತಟ್ಟನೆ ಹತ್ತಿತು. ಕೊಟ್ಟ ಸಲಹೆ ಇಷ್ಟೇ: ಒಬ್ಬರೇ ಗುರುಗಳು, ಎರಡು ವಾರಕ್ಕೊಮ್ಮೆ. ಕೊರೆತದ ವಿಷಯ ಅವರಿಗೆ ಮೊದಲೇ ತಿಳಿಸುವುದು. ಅವರು 'ಇದನ್ನು ಮತ್ತೆ ಹೇಳಬೇಡ' ಎಂದರೆ ಮತ್ತೆ ಹೇಳದಿರುವುದು. ಹೇಳದೆ ಬಂದಾಗ ಮೊದಲೆರಡು ದಿನ ಕಳವಳ ಹೆಚ್ಚುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಆ ಏರಿಕೆಗೆ ಹೆದರಿ ಬೇರೆ ಚರ್ಚಿಗೆ ಓಡಿದರೆ ಚಕ್ರ ಮತ್ತೆ ಮೊದಲಿನಿಂದ.

ಮೂರನೇ ಭೇಟಿಗೆ ನೋಟ್‌ಬುಕ್ ತರಲು ಹೇಳಿದ್ದೆವು. ನಿಜವಾದ ತೊಂದರೆ ಸಿಕ್ಕಿದ್ದು ಅಲ್ಲಿ.

ಸುಮ್ಮಾದ ಮೊದಲ ಭಾಗ, ಎರಡನೇ ಪ್ರಶ್ನೆ, ಮೂರನೇ ಲೇಖ (ಪ್ರಶ್ನೆಯೊಳಗಿನ ಉಪವಿಭಾಗ): ದೇವರು ಇದ್ದಾನೆಯೇ? ದೇವರಿದ್ದಾನೆ ಎಂದು ಸಾಧಿಸುವ ಐದು ವಾದಗಳು, ಹೆಸರಾಂತ 'ಐದು ದಾರಿಗಳು' ಇರುವ ಜಾಗ. ಆಕೆ ಉತ್ತರದ ಭಾಗವನ್ನಷ್ಟೇ ಇಳಿಸಿಕೊಂಡಿದ್ದಳು. ಈ ಗ್ರಂಥವನ್ನು ಹಾಗೆ ಓದಲಾಗದು. ಪ್ರತಿ ಲೇಖಕ್ಕೂ ಒಂದೇ ಕಟ್ಟು: ಮೊದಲು ಪ್ರಶ್ನೆ, ನಂತರ "ಹೀಗೆ ತೋರುತ್ತದೆ" ಎಂದು ಶುರುವಾಗುವ ಆಕ್ಷೇಪಗಳು, "ಇದಕ್ಕೆ ಪ್ರತಿಯಾಗಿ" ಎಂಬ ಒಂದು ಆಧಾರ, "ಉತ್ತರಿಸುತ್ತೇನೆ" ಎಂಬ ನಡುಭಾಗ, ಕೊನೆಗೆ ಒಂದೊಂದು ಆಕ್ಷೇಪಕ್ಕೂ ಸಮಾಧಾನ. ಪೂರ್ವಪಕ್ಷ (ಎದುರಾಳಿಯ ವಾದ) ಕಟ್ಟಿ ಸಿದ್ಧಾಂತಕ್ಕೆ ಬರುವ ನಮ್ಮ ಶಾಸ್ತ್ರಗ್ರಂಥಗಳ ರೀತಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ಹೊಸಬರ ಎಡವಟ್ಟು ಎರಡು. ಒಂದು, ಆಕ್ಷೇಪವನ್ನೇ ಅಕ್ವಿನಾಸರ ಮಾತೆಂದು ಉಲ್ಲೇಖಿಸುವುದು. ವಾಗ್ವಾದದ ಗುಂಪುಗಳಲ್ಲಿ ಇದು ನಿತ್ಯದ ಸಂಗತಿ. ಇನ್ನೊಂದು ಈಕೆಯದು: ಆಕ್ಷೇಪ ಹಾರಿಸಿ ಉತ್ತರಕ್ಕೆ ನೆಗೆಯುವುದು.

ಹಾರಿಸಿದ್ದ ಎರಡನೇ ಆಕ್ಷೇಪವನ್ನು ಅಲ್ಲೇ ಕೂತು ಓದಿಸಿದೆವು. ಕೆಲವೇ ತತ್ವಗಳಿಂದ ಆಗುವ ಕೆಲಸಕ್ಕೆ ಹಲವು ತತ್ವ ಬೇಡ. ಜಗತ್ತಿನಲ್ಲಿ ಕಾಣುವುದನ್ನೆಲ್ಲ ಪ್ರಕೃತಿಗೂ ಮನುಷ್ಯನ ಬುದ್ಧಿ-ಇಚ್ಛೆಗೂ ಆರೋಪಿಸಿ ವಿವರಿಸಬಹುದು. ಆದ್ದರಿಂದ ದೇವರಿದ್ದಾನೆ ಎನ್ನುವ ಅಗತ್ಯವಿಲ್ಲ. ಆಕೆ ಎರಡು ಸಲ ಓದಿ, "ಇದು ನನ್ನ ರೂಮ್‌ಮೇಟ್ ಕೇಳಿದ್ದೇ!" ಎಂದಳು. ಸುಮಾರು 750 ವರ್ಷದ ಹಿಂದೆ ಅಕ್ವಿನಾಸರು ಅದನ್ನು ತಾವೇ ಬರೆದು, ತಮ್ಮ ಉತ್ತರಕ್ಕಿಂತ ಮುಂದೆ ಇಟ್ಟಿದ್ದರು. ಐದು ತಿಂಗಳು ಯಾವುದನ್ನು ಪಾಪವೆಂದು ನಿವೇದಿಸಿದ್ದಳೋ ಅದು ಆ ಪುಟದ ಮೇಲ್ತುದಿಯಲ್ಲೇ ಇತ್ತು.

ಮೊದಲ ದಾರಿಯಲ್ಲೂ ಆಕೆಗೆ ತೊಡಕಿತ್ತು. ಜಡತ್ವದ ನಿಯಮ ಓದಿದವರೆಲ್ಲ ಇಲ್ಲಿ ಮುಗ್ಗರಿಸುತ್ತಾರೆ. 'ಚಲಿಸುವುದನ್ನು ಇನ್ನೊಂದು ಚಲಿಸುವಂತೆ ಮಾಡಬೇಕು' ಎಂದು ಓದಿದ ಕೂಡಲೇ ಸಮವೇಗದ ವಸ್ತುವಿಗೆ ಬಲ ಬೇಡವಲ್ಲ ಎಂದು ತಳ್ಳಿಹಾಕುತ್ತಾರೆ. ಮೂಲದ 'ಮೋತುಸ್' ಎಂಬ ಪದಕ್ಕೆ ಸ್ಥಳ ಬದಲಾಗುವುದಷ್ಟೇ ಅರ್ಥವಲ್ಲ. ಬರಿಯ ಸಾಧ್ಯತೆಯಾಗಿದ್ದದ್ದು ವಾಸ್ತವವಾಗುವುದೆಲ್ಲ ಅದೇ. ಅವರು ಕೊಡುವ ಉದಾಹರಣೆಯೇ ಬೆಂಕಿ ಮತ್ತು ಕಟ್ಟಿಗೆ: ಬಿಸಿಯಾಗಬಲ್ಲ ಕಟ್ಟಿಗೆಯನ್ನು ಬಿಸಿಯಾಗಿಯೇ ಇರುವ ಬೆಂಕಿ ಬಿಸಿ ಮಾಡುತ್ತದೆ. ಒಂದನ್ನು ಇನ್ನೊಂದು, ಅದನ್ನು ಮತ್ತೊಂದು ಚಲಿಸುವಂತೆ ಮಾಡುವ ಸರಣಿ ಎಂದರೆ ಅಪ್ಪ, ಅಜ್ಜ, ಮುತ್ತಜ್ಜ ಎಂದು ಕಾಲದಲ್ಲಿ ಹಿಂದಕ್ಕೆ ಹೋಗುವುದೂ ಅಲ್ಲ. ಕೋಲು ಆಡುತ್ತಿರುವುದು ಈ ಕ್ಷಣ ಕೈ ಆಡಿಸುತ್ತಿರುವುದರಿಂದ, ಆ ಬಗೆಯದು. ಇಷ್ಟು ತಿಳಿದ ಮೇಲೂ ವಾದವನ್ನು ಒಪ್ಪದಿರಬಹುದು. ಆದರೆ ಆಗ ಒಪ್ಪದಿರುವುದು ಅವರ ವಾದವನ್ನು, ನಾವೇ ಕಟ್ಟಿಕೊಂಡದ್ದನ್ನಲ್ಲ.

ಮಹಾಸ್ಫೋಟವನ್ನು (ಬಿಗ್ ಬ್ಯಾಂಗ್) ದೇವರ ಪುರಾವೆ ಮಾಡಿದ ವಿಡಿಯೊಗಳ ದೊಡ್ಡ ಪಟ್ಟಿ ಆಕೆಯ ಫೋನಿನಲ್ಲಿತ್ತು. ಅವುಗಳ ಬದಲಿಗೆ ಸೂಚಿಸಿದ್ದು ಅದೇ ಗ್ರಂಥದ ಮೊದಲ ಭಾಗದ 46ನೇ ಪ್ರಶ್ನೆಯ ಎರಡನೇ ಲೇಖ. ಜಗತ್ತಿಗೆ ಆರಂಭ ಇತ್ತು ಎಂಬುದು ನಂಬಬೇಕಾದ ವಿಷಯ, ತರ್ಕದಿಂದ ಸಾಧಿಸಬಲ್ಲದ್ದಲ್ಲ. ದುರ್ಬಲ ವಾದ ಮುಂದಿಟ್ಟರೆ ನಂಬದವರ ನಗೆಗೆ ಗುರಿಯಾಗುತ್ತೇವೆ ಎಂದು ಅಕ್ವಿನಾಸರೇ ಅಲ್ಲಿ ಎಚ್ಚರಿಸುತ್ತಾರೆ. ವಿಸ್ತರಿಸುವ ವಿಶ್ವದ ಲೆಕ್ಕವನ್ನು 1927ರಲ್ಲಿ ಪ್ರಕಟಿಸಿದ ಜಾರ್ಜ್ ಲಮೇತ್ರ್ ಸ್ವತಃ ಕಥೋಲಿಕ ಗುರು. 1951ರ ನವೆಂಬರಿನಲ್ಲಿ ಪೋಪ್ 12ನೇ ಪಿಯುಸ್ ಹೊಸ ವಿಶ್ವವಿಜ್ಞಾನವನ್ನು ಸೃಷ್ಟಿಯ ನಂಬಿಕೆಗೆ ಬೆಂಬಲವೆಂಬಂತೆ ಮಾತಾಡಿದಾಗ ಇರುಸುಮುರುಸಾದವರಲ್ಲಿ ಅವರೂ ಒಬ್ಬರು. ಭೌತಶಾಸ್ತ್ರದ ಸಿದ್ಧಾಂತ ಧರ್ಮದ ಪ್ರಶ್ನೆಯಿಂದ ಹೊರಗೇ ನಿಲ್ಲಬೇಕೆಂಬುದು ಅವರ ನಿಲುವು. ಇದನ್ನು ಕೇಳಿ ಆಕೆ ಹಗುರಾದಳು. ಕ್ಲಾಸಿನಲ್ಲಿ ಬರೆಯುವ ಸಮೀಕರಣಗಳ ಮೇಲೆ ತನ್ನ ನಂಬಿಕೆಯ ಭಾರವೆಲ್ಲ ನಿಂತಿಲ್ಲ ಎಂದಾಯಿತಲ್ಲ.

ಇನ್ನು ದಿನಚರಿ. ಮೊದಲ ಎರಡು ವಾರ ಹೊಸ ಓದು ಪೂರ್ತಿ ಬಂದ್, ರಾತ್ರಿ 11ಕ್ಕೆ ಫೋನ್ ಕೋಣೆಯ ಹೊರಗೆ. ಮೂರನೇ ವಾರದಿಂದ ವಾರಕ್ಕೆ ಒಂದೇ ಲೇಖ. ಬುಧವಾರ 40 ನಿಮಿಷ: ಆಕ್ಷೇಪಗಳನ್ನು ಮಾತ್ರ ಓದಿ, ಪುಸ್ತಕ ಮುಚ್ಚಿ, ತನ್ನ ಮಾತಿನಲ್ಲಿ ಕೈಬರಹದಲ್ಲಿ ಬರೆಯುವುದು, ಸಾಧ್ಯವಾದರೆ ಇನ್ನಷ್ಟು ಗಟ್ಟಿ ಮಾಡಿ. ಉತ್ತರ ನೋಡುವಂತಿಲ್ಲ. ಶನಿವಾರ 40 ನಿಮಿಷ: ಉತ್ತರ ಮತ್ತು ಸಮಾಧಾನ. ಭಾನುವಾರ ಚರ್ಚಿನ ಪೂಜೆಯ ನಂತರ ಒಂದು ಗಂಟೆ ಸಣ್ಣ ಓದಿನ ಗುಂಪಿನಲ್ಲಿ ಚರ್ಚೆ. ಎಲ್ಲ ಕೂಡಿ ವಾರಕ್ಕೆ 140 ನಿಮಿಷ, ಅಷ್ಟಕ್ಕೆ ಬೇಲಿ. ಪರೀಕ್ಷೆಗೆ ಮುಂಚಿನ ನಾಲ್ಕು ವಾರ ಭಾನುವಾರದ ಪೂಜೆ ಬಿಟ್ಟು ಬೇರೇನೂ ಇಲ್ಲ.

ಬುಧವಾರಕ್ಕೂ ಶನಿವಾರಕ್ಕೂ ನಡುವಿನ ಅಂತರ ಹಟಕ್ಕೆ ಇಟ್ಟದ್ದಲ್ಲ. ಅಕ್ವಿನಾಸರು ಕಲಿಸುತ್ತಿದ್ದ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ವಾದಸಭೆ ನಡೆಯುತ್ತಿದ್ದದ್ದು ಹೀಗೆ: ಮೊದಲ ದಿನ ಆಕ್ಷೇಪಗಳು ಬರುತ್ತಿದ್ದವು, ಶಿಷ್ಯ ಉತ್ತರಿಸುತ್ತಿದ್ದ, ಗುರುವಿನ ತೀರ್ಮಾನ ಇನ್ನೊಂದು ದಿನ. ರಾತ್ರಿ ಹುಟ್ಟಿದ ಪ್ರಶ್ನೆಗೆ ಅದೇ ರಾತ್ರಿ ಉತ್ತರ ಸಿಕ್ಕಲೇಬೇಕು ಎಂಬ ಆತುರ ಮೊಬೈಲ್ ಕೊಟ್ಟದ್ದು, ಈ ಪರಂಪರೆ ಕೊಟ್ಟದ್ದಲ್ಲ. ಮಲಗುವ ಹೊತ್ತಿಗೆ ಪ್ರಶ್ನೆ ಕಾಡಿದರೆ ಒಂದು ಸಾಲು ಬರೆದು ಪಕ್ಕಕ್ಕೆ ಶನಿವಾರದ ತಾರೀಕು ಹಾಕಿ ದೀಪ ಆರಿಸುವುದು. ನಮ್ಮ ಅಂದಾಜಿನಲ್ಲಿ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಕೆಲಸ ಮಾಡಿದ ಸಲಹೆ ಇದೇ.

ಗುಂಪು ನಾಲ್ಕರಿಂದ ಆರು ಜನರದ್ದಿರಲಿ, ಕ್ಯಾಂಪಸ್ ಗುರುಗಳ ಅಥವಾ 1924ರಿಂದಲೂ ಇರುವ ಅಖಿಲ ಭಾರತ ಕಥೋಲಿಕ ವಿಶ್ವವಿದ್ಯಾಲಯ ಒಕ್ಕೂಟದ ಘಟಕ ಇದ್ದರೆ ಅದರ ಆಸರೆಯಲ್ಲಿ. ನಿಯಮ ಒಂದೇ: ಪ್ರತಿ ವಾರ ಒಬ್ಬರು ಪೂರ್ವಪಕ್ಷ ವಹಿಸಬೇಕು, ಗಂಟೆ ಮುಗಿಯುವವರೆಗೂ ಬಿಟ್ಟುಕೊಡಬಾರದು. ರೂಮ್‌ಮೇಟನ್ನು ಕರೆಯಲೇ ಎಂದು ಕೇಳಿದಳು. ಕಥೋಲಿಕಳಲ್ಲದ ಆಕೆಗಿಂತ ಒಳ್ಳೆಯ ಪೂರ್ವಪಕ್ಷಿ ಸಿಗಲಿಕ್ಕಿಲ್ಲ. ಆದರೆ ಇದು ಓದಿನ ಗುಂಪು, ಪ್ರಾರ್ಥನೆಯ ಗುಂಪಲ್ಲ ಎಂದು ಮೊದಲೇ ಹೇಳಿ, ಆಕೆಗೆ ಇಷ್ಟವಿದ್ದರೆ ಮಾತ್ರ.

ಹನ್ನೊಂದು ಪುಸ್ತಕಗಳಲ್ಲಿ ಮೇಜಿನ ಮೇಲೆ ಉಳಿದದ್ದು ಎರಡು. ಸುಮ್ಮಾದ ಜೊತೆಗೆ ಸಂತ ಅಗಸ್ಟೀನರ 'ಕನ್ಫೆಷನ್ಸ್', ಅದರಲ್ಲೂ ಕಾಲ ಎಂದರೇನು ಎಂದು ಕೆದಕುವ 11ನೇ ಅಧ್ಯಾಯ. ಭೌತಶಾಸ್ತ್ರದವರಿಗೆ ಒಳ್ಳೆಯ ಬಾಗಿಲು. ಪೋಪ್ 2ನೇ ಜಾನ್ ಪಾಲ್ 1998ರಲ್ಲಿ ಹೊರಡಿಸಿದ, ನಂಬಿಕೆ ಮತ್ತು ತರ್ಕದ ಪರಿಪತ್ರ ಡಿಗ್ರಿ ಮುಗಿದ ಮೇಲೆ. 108 ಕಂಡಿಕೆಗಳ ಅದಕ್ಕೆ ತತ್ವಶಾಸ್ತ್ರದ ಇತಿಹಾಸ ಸ್ವಲ್ಪ ಗೊತ್ತಿರಬೇಕು. ಈಗ ಓದಿದರೆ ಹೆಸರುಗಳ ಮೆರವಣಿಗೆಯಾಗಿ ಕಾಣುತ್ತದೆ.

ಎಂ.ಎಸ್ಸಿ. ಬಿಡುವ ಯೋಚನೆಗೆ 'ಬೇಡ' ಎನ್ನಲಿಲ್ಲ. ಯೇಸುಸಭೆಯ (ಜೆಸ್ವಿಟ್) ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾರ ಎರಡು ಮಾತು ಮುಂದಿಟ್ಟೆವು. ಮನಸ್ಸು ಕುಗ್ಗಿರುವಾಗ ಹಿಂದಿನ ನಿರ್ಧಾರ ಬದಲಿಸಬೇಡ ಎಂಬುದು ಅವರ ವಿವೇಚನೆಯ ನಿಯಮಗಳಲ್ಲೊಂದು. ಇನ್ನೊಂದು ಅವರ ಬದುಕಿನದೇ. ಮೂವತ್ತು ದಾಟಿದ ಮೇಲೆ ಬಾರ್ಸಿಲೋನಾದಲ್ಲಿ ಲ್ಯಾಟಿನ್ ವ್ಯಾಕರಣ ಬಾಯಿಪಾಠ ಮಾಡಲು ಕೂತರೆ ಸಾಕು, ಮನಸ್ಸಿನ ತುಂಬ ಅಧ್ಯಾತ್ಮದ ಹೊಳಹು, ಸವಿ. ಪ್ರಾರ್ಥನೆಗೆ, ಪೂಜೆಗೆ ಕೂತಾಗ ಅಷ್ಟು ಬರದದ್ದು ವ್ಯಾಕರಣದ ಹೊತ್ತಿಗೇ ಏಕೆ ಬರುತ್ತದೆ ಎಂದು ಯೋಚಿಸಿ, ಇದು ಪ್ರಲೋಭನೆ ಎಂದು ಗುರುತಿಸಿದರು. ಮೇಷ್ಟರ ಬಳಿ ಹೋಗಿ ಇನ್ನು ಪಾಠ ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟರು. ಕಥೆ ಮುಗಿಯುವಷ್ಟರಲ್ಲೇ ಆಕೆ ನಗುತ್ತಿದ್ದಳು. ಆಕೆಗೂ ಅಕ್ವಿನಾಸ್ ಅತಿ ರುಚಿಸುತ್ತಿದ್ದದ್ದು ಕ್ವಾಂಟಂ ಅಸೈನ್‌ಮೆಂಟಿನ ಹಿಂದಿನ ರಾತ್ರಿಯೇ.

ಎಲ್ಲ ಸಲೀಸಾಗಿ ನಡೆಯಲಿಲ್ಲ. ಮೂರನೇ ವಾರ ವಾಗ್ವಾದದ ಗುಂಪಿಗೆ 'ಒಂದೇ ಒಂದು ಉತ್ತರ ಹಾಕಲು' ಹೋಗಿ ಬೆಳಗಿನ ಜಾವ ನಾಲ್ಕಾಯಿತು. ಗುಂಪನ್ನು ಸದ್ದಿಲ್ಲದಂತೆ ಮಾಡಿಟ್ಟರೆ ಸಾಲದು, ಬಿಟ್ಟು ಹೊರಬರಬೇಕು ಎಂಬುದು ಆಮೇಲೆ ಖಚಿತವಾಯಿತು, ಬಿಟ್ಟಳು. ಅಮ್ಮನ ಜೊತೆ ಒಂದು ಫೋನ್ ಮಾತುಕತೆ ಆಕೆಯ ಒಪ್ಪಿಗೆಯಿಂದ ನಡೆಯಿತು. ಕಾನ್ವೆಂಟಿನ ಭಯ ಹೋಗಿಲ್ಲ, ದಿನಕ್ಕೆ ಮೂರು ಕರೆ ಒಂದಕ್ಕೆ ಇಳಿದಿದೆ.

ಎಂಟನೇ ವಾರದಲ್ಲಿ ನಿದ್ದೆ ಆರೂವರೆ ಗಂಟೆಗೆ ಬಂದಿತ್ತು. ಪಾಪನಿವೇದನೆ ಎರಡು ವಾರಕ್ಕೊಮ್ಮೆ, ಒಂದೇ ಚರ್ಚಿನಲ್ಲಿ. ರೆಕಾರ್ಡಿನಲ್ಲಿ ಬಾಕಿ ಎರಡು ಪ್ರಯೋಗ. ಪೂರ್ತಿಯಾದ ಲೇಖಗಳು ಐದು. ಐದನೆಯದರ ಪುಟದಲ್ಲಿ ಪುಸ್ತಕದ ಆಕ್ಷೇಪಗಳ ಕೆಳಗೆ ತನ್ನದೇ ಒಂದನ್ನು ಸೇರಿಸಿದ್ದಾಳೆ, ರೂಮ್‌ಮೇಟ್ ಜೊತೆ ಕೂತು ಬರೆದದ್ದು. ಸಮಾಧಾನದ ಜಾಗ ಖಾಲಿ. ಅಂಚಿನಲ್ಲಿ ಒಂದು ತಾರೀಕು ಮಾತ್ರ ಇದೆ, ಪ್ರಾಕ್ಟಿಕಲ್ ಪರೀಕ್ಷೆ ಮುಗಿದ ನಂತರದ ಮೊದಲ ಶನಿವಾರದ್ದು.