ಓದುಗರ ಪ್ರಶ್ನೆ: ಎಸೆದ ಕೊಡಲಿ ಹಲಗೆಗೆ ಯಾಕೆ ನಾಟುತ್ತಿಲ್ಲ?

ಪ್ರಶ್ನೆ: ಅಕ್ಕಾ, ನಾನು ಕಲಬುರಗಿಯವನು, ಪುಣೆಯ ಹಿಂಜೆವಾಡಿಯಲ್ಲಿ ಕೆಲಸ. ಆಫೀಸಿನವರ ಜೊತೆ ಎರಡು ಸಲ ಕೊಡಲಿ ಎಸೆಯುವ ಆಟಕ್ಕೆ ಹೋಗಿದ್ದೆ. ದಿನಾ ಜಿಮ್ ಮಾಡುವವನು, ತೋಳಲ್ಲಿ ಶಕ್ತಿ ಇದೆ. ಆದರೂ ಹತ್ತರಲ್ಲಿ ಒಂಬತ್ತು ಸಲ ಕೊಡಲಿ ಬಡಿದು ಕೆಳಗೆ ಬೀಳುತ್ತದೆ. ಏನು ತಪ್ಪು ಮಾಡುತ್ತಿದ್ದೇನೆ?

ಉತ್ತರ: ಶಕ್ತಿ ಜಾಸ್ತಿ ಹಾಕುತ್ತಿದ್ದೀರಿ ತಮ್ಮಾ. ನಾನೂ ಹಾಗೇ ಶುರು ಮಾಡಿದ್ದು. ಶಿರಸಿ ಕಡೆಯ ಹಳ್ಳಿಯಲ್ಲಿ ಬೆಳೆದವಳು, ಬಚ್ಚಲೊಲೆಗೆ ಕಟ್ಟಿಗೆ ಒಡೆದು ಅಭ್ಯಾಸ. ಕಟ್ಟಿಗೆ ಒಡೆಯುವಾಗ ಕೊಡಲಿ ಕೊನೆಯವರೆಗೂ ಕೈಯಲ್ಲೇ ಇರುತ್ತದೆ. ಎಷ್ಟು ಜೋರು ಹಾಕಿದರೆ ಅಷ್ಟು ಸೀಳು. ಇಲ್ಲಿ ಕೈ ಬಿಟ್ಟ ಮೇಲೆಯೇ ಅದರ ಕೆಲಸ. ಗಾಳಿಯಲ್ಲಿ ಸರಿಯಾಗಿ ಒಂದು ಸುತ್ತು ತಿರುಗಿ, ಬಾಯಿ ಮುಂದಾಗಿ ಹಲಗೆಗೆ ಮುಟ್ಟಬೇಕು. ಆ ಒಂದು ಸುತ್ತಿಗೆ 12 ಅಡಿ ಆಸುಪಾಸು ಬೇಕು. ವರ್ಲ್ಡ್ ಆಕ್ಸ್ ಥ್ರೋಯಿಂಗ್ ಲೀಗ್‌ನವರು ಸಣ್ಣ ಕೊಡಲಿಗೆ ಗೆರೆ ಎಳೆಯುವುದೂ 12 ಅಡಿಗೇ. ಜೋರು ಹಾಕಲು ಹೋದಾಗ ಮಣಿಕಟ್ಟು ಗೊತ್ತಿಲ್ಲದೆ ಮಡಚಿಕೊಳ್ಳುತ್ತದೆ. ಮಡಚಿತೋ, ಸುತ್ತು ಹೆಚ್ಚಾಯಿತು.

ಮೊದಲು ಎರಡೂ ಕೈಯಿಂದ ಎಸೆಯಿರಿ. ಕಾವಿನ, ಅಂದರೆ ಕೊಡಲಿಯ ಹಿಡಿಕೆಯ, ತುದಿಯ ಹತ್ತಿರ ಕೈಗಳನ್ನು ಒಂದರ ಮೇಲೊಂದು ಇಟ್ಟು, ಬ್ಯಾಟ್ ಹಿಡಿದ ಹಾಗೆ ಹಿಡಿಯಿರಿ. ಹೆಬ್ಬೆರಳನ್ನು ಕಾವಿನ ಬೆನ್ನಿಗೆ ಒತ್ತಬೇಡಿ, ಸುತ್ತಿ ಹಿಡಿಯಿರಿ. ಪ್ರತಿ ಸಲವೂ ಅದೇ ಜಾಗದಲ್ಲಿ ಕೈ ಇರಲಿ. ಕೊಡಲಿಯನ್ನು ನೆಟ್ಟಗೆ ತಲೆಯ ಹಿಂದಕ್ಕೆ ಒಯ್ದು, ನೆಟ್ಟಗೆ ಮುಂದಕ್ಕೆ ತನ್ನಿ. ಕೈ ಚಾಚಿ ಕಣ್ಣಿನ ಮಟ್ಟಕ್ಕೆ ಬಂದಾಗ ಬೆರಳು ಬಿಡಿಸಿ, ಸಾಕು. ಬಿಟ್ಟ ಮೇಲೂ ಕೈ ಗುರಿಯ ಕಡೆಗೇ ಸಾಗಲಿ. ಅರ್ಧಕ್ಕೇ ತಡೆದರೆ ಕೊಡಲಿ ಓಲಾಡುತ್ತಾ ಹೋಗುತ್ತದೆ.

ಇಷ್ಟಾದ ಮೇಲೂ ನಾಟದಿದ್ದರೆ ಕೈ ಬೀಸುವ ರೀತಿಯನ್ನು ಬದಲಿಸಲು ಹೋಗಬೇಡಿ. ನಿಂತ ಜಾಗ ಬದಲಿಸಿ. ನಾನು ಈ ಮಾತನ್ನು ಪ್ರತಿ ಭಾನುವಾರ ಆಟ ಕಲಿಸುವಾಗ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಇಲ್ಲೇ ಎಡವುತ್ತಾರೆ. ಕಳೆದ ವಾರ ಕೋಥ್ರೂಡಿನ ಒಬ್ಬ ಹುಡುಗ ಒಂದೊಂದು ಎಸೆತಕ್ಕೂ ಒಂದೊಂದು ರೀತಿ ಕೈ ಬೀಸುತ್ತಿದ್ದ. ಅವನನ್ನು ಹಲಗೆಯ ಹತ್ತಿರ ಕರೆದುಕೊಂಡು ಹೋದೆ. ಗುರಿಯ ಕೆಳಗೆ ಬೆರಳಿನಿಂದ ಒತ್ತಿದ ಹಾಗೆ ನಾಲ್ಕೈದು ಗುಂಡು ತಗ್ಗು ಬಿದ್ದಿದ್ದವು. ಅವು ಕಾವಿನ ತುದಿ ಬಡಿದ ಗುರುತು. ಅಂದರೆ ಸುತ್ತು ಪೂರ್ತಿಯಾಗುವ ಮೊದಲೇ ಹಲಗೆ ಸಿಕ್ಕಿದೆ, ಜಾಗ ಸಾಲಲಿಲ್ಲ. ನೆಲದ ರಬ್ಬರ್ ಮ್ಯಾಟ್ ಮೇಲೆ ಸೀಮೆಸುಣ್ಣದಲ್ಲಿ ಅರ್ಧ ಅಡಿ ಹಿಂದೆ ಗೆರೆ ಹಾಕಿ, ‘ಕೈ ಹಾಗೇ ಇರಲಿ, ಇಲ್ಲಿ ನಿಲ್ಲು’ ಅಂದೆ. ಎರಡನೇ ಎಸೆತಕ್ಕೆ ‘ದಬ್’ ಅಂತ ನಾಟಿತು. ಅವನ ಮುಖ ನೋಡಬೇಕಿತ್ತು!

ಇದಕ್ಕೆ ತದ್ವಿರುದ್ಧವಾಗಿ ‘ಠಣ್’ ಅಂತ ಸದ್ದು ಬಂದು, ಹಲಗೆ ಮೇಲೆ ಕಬ್ಬಿಣದ ತಲೆ ತಾಗಿದ ಗುರುತು ಬಿದ್ದರೆ ಸುತ್ತು ಜಾಸ್ತಿಯಾಗಿದೆ. ಅರ್ಧ ಅಡಿ ಮುಂದೆ ಬನ್ನಿ, ಆದರೆ 12 ಅಡಿಯ ಗೆರೆ ದಾಟಬೇಡಿ. ಗೆರೆಗೇ ಬಂದು ನಿಂತರೂ ಸುತ್ತು ಹೆಚ್ಚುತ್ತಿದ್ದರೆ ಮಣಿಕಟ್ಟು ಮಡಚುತ್ತಿದೆ ಅಂತಲೇ ಅರ್ಥ. ಒಂದೇ ಎಸೆತ ನೋಡಿ ತೀರ್ಮಾನ ಬೇಡ. ಮೂರು ಸಲ ಅದೇ ಗುರುತು ಬಿದ್ದರೆ ಮಾತ್ರ ಕಾಲು ಕದಲಿಸಿ.

ಪುಣೆಯ ಮಳೆಗಾಲದಲ್ಲಿ ಅಂಗೈ ಬೆವರಿ ಕಾವು ಜಾರುತ್ತದೆ. ಒಂದು ಒಣ ಪಂಚೆ ತುಂಡು ಜೊತೆಗಿರಲಿ.

ಪ್ರಶ್ನೆ: ನನಗೆ 54 ವರ್ಷ, ಡೊಂಬಿವಲಿ. ಮಗಳು ಕರೆಯುತ್ತಾಳೆ. ಈ ವಯಸ್ಸಿಗೆ ಆಗುತ್ತಾ?

ಉತ್ತರ: ಖಂಡಿತ ಆಗುತ್ತದೆ, ಹೋಗಿ ಬನ್ನಿ. ಕೊಡಲಿಯ ತಲೆ ಮುಕ್ಕಾಲು ಕಿಲೋ ಆಸುಪಾಸು ಇರುತ್ತದೆ, ಅಷ್ಟೇ. ಭುಜದ ನೋವಿದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ. ಸೀರೆ ಬೇಡ, ಚೂಡಿದಾರ್ ಹಾಕಿ, ದುಪಟ್ಟಾ ತೆಗೆದಿಡಿ. ಬೆರಳು ಮುಚ್ಚುವ ಶೂ ಬೇಕೇ ಬೇಕು. ನಾನು ಮೊದಲ ಸಲ ಹೋದ ಜಾಗದಲ್ಲಿ ಚಪ್ಪಲಿಯಲ್ಲೇ ಬಿಟ್ಟಿದ್ದರು. ಪುಟಿದು ಬಂದ ಕೊಡಲಿ ಕಾಲ ಬೆರಳಿನಿಂದ ಒಂದು ಗೇಣು ದೂರ ಬಿತ್ತು. ಆ ದಿನ ನೆನೆದರೆ ಈಗಲೂ ಎದೆ ಝಲ್ ಎನ್ನುತ್ತದೆ. ಮಗಳಿಗೆ ಕೊಡಲಿ ಕೊಡುವಾಗ ಕೈಯಿಂದ ಕೈಗೆ ಕೊಡಬೇಡಿ. ಕೆಳಗೆ ಇಡಿ, ಅವಳೇ ಎತ್ತಿಕೊಳ್ಳಲಿ. ಪಕ್ಕದವರೂ ಎಸೆದು ಮುಗಿಸಿದ ಮೇಲೆ ಇಬ್ಬರೂ ಒಟ್ಟಿಗೇ ಹೋಗಿ ಕೊಡಲಿ ಕೀಳಬೇಕು.

ಪ್ರಶ್ನೆ: ಮೀರಾ ರೋಡಿನಲ್ಲಿ ನಮ್ಮ ಸೊಸೈಟಿಯ ಟೆರೇಸ್ ಖಾಲಿ ಇದೆ. ಹಲಗೆ ಕಟ್ಟಿ ಅಭ್ಯಾಸ ಮಾಡಬಹುದಾ?

ಉತ್ತರ: ಬೇಡವೇ ಬೇಡ. ಗುರಿ ತಪ್ಪಿದ ಕೊಡಲಿ ಪ್ಯಾರಾಪೆಟ್ ದಾಟಿದರೆ ಕೆಳಗೆ ಮಕ್ಕಳು ಆಡುತ್ತಿರುತ್ತಾರೆ. ಈ ಆಟ 2006ರಲ್ಲಿ ಕೆನಡಾದ ಟೊರಾಂಟೊದ ಒಂದು ಹಿತ್ತಲಿನಲ್ಲಿ ಲೀಗ್ ಆಗಿ ಶುರುವಾಯಿತು ನಿಜ. ಅದು ನೆಲದ ಮೇಲಿನ ಹಿತ್ತಲು, ಮಹಡಿಯಲ್ಲ. ಮನೆಯಲ್ಲಿ ಮಾಡಬೇಕೆಂದರೆ ಲಟ್ಟಣಿಗೆ ತೆಗೆದುಕೊಳ್ಳಿ. ಕನ್ನಡಿಯ ಮುಂದೆ ನಿಂತು ತಲೆಯ ಹಿಂದಿನಿಂದ ಕಣ್ಣಿನ ಮಟ್ಟಕ್ಕೆ ನಿಧಾನವಾಗಿ 20 ಸಲ ತನ್ನಿ. ಕೈ ಬಿಡುವುದು ಬೇಡ. ಮಣಿಕಟ್ಟು ಮಡಚುತ್ತಿದೆಯಾ ಅಂತ ಮಾತ್ರ ನೋಡುತ್ತಾ ಇರಿ.